ಲಾಂಗ್ ಮೆಡೋದ ಕಾಲುದಾರಿ

ಲಿಟಲ್ ಮಾರ್‌ವಿಕ್‌ನಲ್ಲಿ ರಸ್ತೆಗೆ ಗುಂಡಿ ಬಿದ್ದರೆ, ಬೀದಿದೀಪ ಕೆಟ್ಟರೆ, ಯಾರದೋ ನಾಯಿ ಚರ್ಚಿನ ಅಂಗಳದಲ್ಲಿ ಹೊಲಸು ಮಾಡಿದರೆ ಕೌಂಟಿ ಕಚೇರಿಗೆ ದೂರು ಬರೆಯುವವಳು ಹೆಸ್ಟರ್ ಪ್ರೂಯಿಟ್. ಊರಿನ ತಿಂಗಳ ಪತ್ರಿಕೆ ಬರೆದು ಮನೆಮನೆಗೆ ಹಂಚುವವಳೂ ಅವಳೇ. ಅಷ್ಟು ವರ್ಷ ಬರೆದ ದೂರುಗಳಲ್ಲಿ ಒಂದೂ ಯಾರ ಹೊಟ್ಟೆಯ ಮೇಲೂ ಹೊಡೆದಿರಲಿಲ್ಲ. ಅಂಥ ದೂರು ಹೇಗೆ ಬರೆಯಬೇಕೆಂದು ಅವಳಿಗೆ ಕಲಿಸಿದವನು ಗರ್ವೇಸ್ ಲಾಕಿಯರ್.

ಗರ್ವೇಸ್ ಎಂದರೆ ಊರ ಪಂಚಾಯಿತಿ ಅಧ್ಯಕ್ಷ, ಮುನ್ನೂರು ಎಕರೆಯ ಒಡೆಯ. ಹೆಸ್ಟರಳ ಗಂಡ ನೆಡ್ ಹಿತ್ತಿಲಲ್ಲಿ ರೇಸಿನ ಪಾರಿವಾಳ ಸಾಕಿದ್ದ. ಆ ಗೂಡು ಇರಬೇಕಾದುದಕ್ಕಿಂತ ಅರ್ಧ ಮೀಟರು ಎತ್ತರವಿದೆ ಎಂದು ಈ ಮಹಾಶಯ ಕಚೇರಿಗೆ ದೂರು ಕೊಟ್ಟ. ಅವನ ಅತಿಥಿಗಳ ಕಾರಿನ ಮೇಲೆ ಹಿಕ್ಕೆ ಬೀಳುತ್ತಿತ್ತಂತೆ! ಎರಡೇ ತಿಂಗಳಲ್ಲಿ ಗೂಡು ಕೆಡವಿಸಿದರು. ನೆಡ್ ಪಾರಿವಾಳಗಳನ್ನು ಯಾರಿಗೋ ಕೊಟ್ಟು ಅಡುಗೆಮನೆಯ ಕುರ್ಚಿ ಹಿಡಿದವನು ಆ ಚಳಿಗಾಲ ದಾಟಲಿಲ್ಲ. ಮಣ್ಣಿಗೆ ಬಂದ ಗರ್ವೇಸ್ ಕಪ್ಪು ಟೈ ಕಟ್ಟಿಕೊಂಡು ಹ್ಯಾಮ್ ಸ್ಯಾಂಡ್‌ವಿಚ್ ಮೂರು ತಿಂದ. ಅವನು ಚಪ್ಪರಿಸುವುದನ್ನು ಹೆಸ್ಟರ್ ಕೊನೆಯ ತುತ್ತಿನವರೆಗೂ ನೋಡಿದಳು.

ಈಗ ಗರ್ವೇಸನಿಗೆ ಲಾಂಗ್ ಮೆಡೋ ಎಂಬ ತನ್ನ ಹುಲ್ಲುಗಾವಲಿನಲ್ಲಿ ನಾಲ್ಕು ಮನೆ ಕಟ್ಟಿ ಮಾರುವ ಆಸೆ. ಅದರ ನಟ್ಟನಡುವೆ ಜನ ಚರ್ಚಿಗೆ ಹೋಗುವ ಕಾಲುದಾರಿಯಿದೆ, ನಕ್ಷೆಯಲ್ಲಿ ಮಾತ್ರ ಇಲ್ಲ. ಆದರೆ ಕಾನೂನಿನ ಪ್ರಕಾರ, ಯಾರ ಅಪ್ಪಣೆಯೂ ಇಲ್ಲದೆ ಊರವರು ಇಪ್ಪತ್ತು ವರ್ಷ ಓಡಾಡಿದ್ದರೆ ಅದು ಊರಿನ ದಾರಿ. ಅಲ್ಲಿ ಒಂದು ಇಟ್ಟಿಗೆ ಇಡುವ ಹಾಗಿಲ್ಲ. ಹೆಸ್ಟರ್ ಮೂವತ್ತೊಂದು ಮನೆಯ ಮೆಟ್ಟಿಲು ಹತ್ತಿಳಿದು, ಇದು ಊರಿನ ದಾರಿ ಎಂಬ ಅರ್ಜಿಗೆ ಸಹಿ ಹಾಕಿಸಿದಳು. ಇವನಿಗೆ ಮಣ್ಣು ಮುಕ್ಕಿಸದಿದ್ದರೆ ನಾನು ನೆಡ್‌ನ ಹೆಂಡತಿಯೇ ಅಲ್ಲ ಎಂದು ಪ್ರತಿ ಮೆಟ್ಟಿಲಿಗೂ ಅಂದುಕೊಂಡಳು.

ತೊಡಕು ಒಂದೇ. ಇಪ್ಪತ್ತೆರಡು ವರ್ಷದ ಹಿಂದೆ, ಹೆಸ್ಟರಳ ಮಂಡಿ ಊದಿಕೊಂಡಿದ್ದಾಗ, ಗರ್ವೇಸನ ತಾಯಿ ಅಡೆಲಾ ತಾನಾಗಿಯೇ ಗೇಟು ತೆಗೆದು, "ಅಷ್ಟು ಸುತ್ತಿ ಯಾಕೆ ಹೋಗ್ತೀಯ ಮಗಳೇ, ಹಿಂಗೇ ಬಾ. ಎಲ್ರೂ ಬರ್ಲಿ, ಹೇಳು" ಎಂದಿದ್ದಳು. ಆಗ ಜಮೀನು ಅವಳದೇ. ಕೇಳಿಸಿಕೊಂಡವಳು ಹೆಸ್ಟರ್ ಒಬ್ಬಳೇ; ಉಳಿದವರು ಅವಳು ನಡೆದದ್ದು ನೋಡಿ ನಡೆಯತೊಡಗಿದರು. ಆ ಮಾತು ಹೊರಬಿದ್ದರೆ ಅದು ಅಪ್ಪಣೆಯಾಗುತ್ತದೆ, ಅಷ್ಟೂ ಸಹಿ ರದ್ದಿಗೆ ಹೋಗುತ್ತದೆ. "ಮಾಲೀಕರು ಅಪ್ಪಣೆ ಕೊಟ್ಟಿದ್ದರೇ?" ಎಂಬ ಅರ್ಜಿಯ ಪ್ರಶ್ನೆಯ ಮುಂದೆ ಹೆಸ್ಟರ್ "ಇಲ್ಲ" ಎಂದು ಬರೆದಳು.

ಮೇ ತಿಂಗಳ ಒಂದು ಬೆಳಿಗ್ಗೆ ಕೌಂಟಿ ಅಧಿಕಾರಿ ಮಿಸ್ ಓಕ್‌ಶಾಟ್ ವಿಚಾರಣೆಗೆಂದು ಊರ ಹಾಲ್‌ಗೆ ಬಂದಳು. ಚಹಾ, ಶುಂಠಿ ಕೇಕು, ಕಿಕ್ಕಿರಿದ ಜನ.

"ಏನ್ ಹೆಸ್ಟರ್, ರಸ್ತೆ ಗುಂಡಿ ಎಣಿಸೋದು ಬಿಟ್ಟು ನನ್ನ ಹುಲ್ಲು ಎಣಿಸ್ತಿದೀಯಂತೆ?" ಎಂದು ಗರ್ವೇಸ್ ಎಲ್ಲರಿಗೂ ಕೇಳುವಂತೆ ಅಂದ.

"ಇಲ್ಲಪ್ಪ, ನಿನ್ನ ಅಳತೆಗೊಂದು ಗುಂಡಿ ತೋಡ್ತಿದೀನಿ," ಎಂದಳು ಹೆಸ್ಟರ್. ಜನ ಗೊಳ್ಳೆಂದರು.

ಅಧಿಕಾರಿ ಕೇಳಿದಾಗ ಹೆಸ್ಟರ್ ಅರ್ಜಿಯಲ್ಲಿ ಬರೆದದ್ದನ್ನೇ ಹೇಳಿದಳು. "ಅಪ್ಪಣೆನಾ? ಯಾರೂ ಕೊಟ್ಟಿಲ್ಲ."

ಗರ್ವೇಸ್ ಇದಕ್ಕೇ ಕಾದಿದ್ದ. ಎಂಬತ್ತೊಂಬತ್ತರ ತಾಯಿಯನ್ನು ತೋಳು ಹಿಡಿದು ಮುಂದೆ ತಂದ. "ಅಮ್ಮ, ಅವತ್ತು ಗೇಟ್ ಹತ್ರ ಏನಂದೆ, ಹೇಳು."

"ಬಾ ಅಂದೆ," ಎಂದಳು ಅಡೆಲಾ. "ಎಲ್ರೂ ಬರ್ಲಿ ಅಂದೆ. ಪಾಪ, ಅವಳ ಮಂಡಿ ಊದಿತ್ತು. ಅಲ್ವೇನೇ ಹೆಸ್ಟರ್?"

ಗರ್ವೇಸ್ ಮೀಸೆಯಡಿಯಲ್ಲಿ ನಗುತ್ತಿದ್ದ. ಆ ನಗು ಕಂಡದ್ದೇ ತಡ, ಹೆಸ್ಟರ್ ಎದ್ದು ನಿಂತಳು.

"ಮೇಡಂ, ಅಡೆಲಾ ಬಂಗಾರದಂಥ ಹೆಂಗಸು," ಎಂದಳು. "ಆದ್ರೆ ಮಾರ್ಚ್‌ನಲ್ಲಿ ಒಂದಿನ ನೈಟೀಲಿ, ಬರಿಗಾಲಲ್ಲಿ ರಸ್ತೇಲಿ ನಿಂತು ಗಂಡನ್ನ ತಿಂಡಿಗೆ ಕರೀತಿದ್ರು. ಅವರು ಸತ್ತು ಮೂವತ್ತು ವರ್ಷ ಆಯ್ತು. ನನ್ನ ಕೋಟು ಹೊದಿಸಿ ನಾನೇ ಮನೆಗೆ ಬಿಟ್ಟು ಬಂದೆ. ಹೌದೋ ಅಲ್ವೋ, ಗರ್ವೇಸ್‌ನ ಕೇಳಿ."

ಈ ಸಂಗತಿಯನ್ನು ಅವಳು ಪತ್ರಿಕೆಯಲ್ಲಿ ಬರೆದಿರಲಿಲ್ಲ, ಪಕ್ಕದ ಮನೆಗೂ ಹೇಳಿರಲಿಲ್ಲ. ಇದು ಬಾಯಿಬಿಡುವಂಥದ್ದಲ್ಲ ಎಂದು ಅಂದು ತಾನೇ ಗರ್ವೇಸನಿಗೆ ಮಾತು ಕೊಟ್ಟಿದ್ದಳು.

ಗರ್ವೇಸನ ಮುಖ ಸುಣ್ಣದಂತೆ ಬಿಳಿಚಿತು. ಮಿಸ್ ಓಕ್‌ಶಾಟ್ ಆಗತಾನೇ ಬರೆದುಕೊಂಡ ಅಡೆಲಾಳ ಮಾತಿನ ಮೇಲೆ ನಿಧಾನವಾಗಿ ಗೀಟು ಎಳೆದಳು. ಗೆದ್ದೆ ಎಂದು ಹೆಸ್ಟರಳಿಗೆ ಗೊತ್ತಾಯಿತು. ಹೊಟ್ಟೆ ತಣ್ಣಗಾಯಿತು.

ಅಡೆಲಾ ಸಿಟ್ಟಾಗಲಿಲ್ಲ, ಅಳಲಿಲ್ಲ. ಹಣೆ ಒತ್ತಿಕೊಂಡು ನಿಂತಿದ್ದಳು.

"ಹಂಗಾದ್ರೆ ಆ ಗೇಟಿನ ಮಾತೂ ನನ್ನ ತಲೇಲೇ ಹುಟ್ಟಿದ್ದಾ?" ಎಂದಳು. "ಇವನ ಮಾತು ಬಿಡು, ದುಡ್ಡಿಗೋಸ್ಕರ ಏನ್ ಬೇಕಾದ್ರೂ ಅಂತಾನೆ. ನೀನು ಸುಳ್ಳು ಹೇಳೋಳಲ್ಲ. ನೀನು ಹೆಂಗೆ ಹೇಳ್ತೀಯೋ ಹಂಗೆ. ನಾನು ಗೇಟ್ ತೆಗ್ದೆ ತಾನೆ ಮಗಳೇ?"

ಈಗಲಾದರೂ ಹೌದು ಎನ್ನಬಹುದಿತ್ತು. ಹೆಸ್ಟರ್ ಗರ್ವೇಸನ ಕಡೆ ನೋಡಿದಳು. ಅವನ ಕಣ್ಣಲ್ಲಿ ಇನ್ನೂ ಒಂದು ಚೂರು ಆಸೆ ಉಳಿದಿತ್ತು.

"ಇಲ್ಲ ಅಡೆಲಾ," ಎಂದಳು. "ನೀವು ತೆಗೀಲಿಲ್ಲ."

"ಓ," ಎಂದಳು ಮುದುಕಿ. ಮಗನ ತೋಳು ತಡಕಿದಳು. "ಗರ್ವೇಸ್, ಆ ವೃದ್ಧಾಶ್ರಮದವರಿಗೆ ಫೋನ್ ಮಾಡ್ಬಿಡಪ್ಪ. ಒಬ್ಬಳೇ ಇರೋದು ಇನ್ನು ನನ್ನ ಕೈಲಾಗಲ್ಲ."

ಗರ್ವೇಸ್ ಅವಳಿಗೆ ಕೋಟು ತೊಡಿಸಿದ. ಗುಂಡಿ ಹಾಕಲು ಹೋಗಿ ಎರಡು ಸಲ ತಪ್ಪಿದ. ಇಬ್ಬರೂ ಬಾಗಿಲು ದಾಟುವವರೆಗೂ ಹೆಸ್ಟರ್ ರೆಪ್ಪೆ ಬಡಿಯದೆ ಅವನ ಮುಖವನ್ನೇ ನೋಡಿದಳು. ಅವನ ಪಕ್ಕದಲ್ಲಿದ್ದವಳ ಮುಖ ನೋಡಲಿಲ್ಲ.