ಇನ್ನು ಹತ್ತು ಪರ್ಸೆಂಟ್ ಹಾಳಾದರೆ ಮದುವೆ

ಡೆಲ್ಬರ್ಟ್ ಸತ್ತು ಆರು ವರ್ಷವಾದರೂ ಟೆಕ್ಸಸ್ ಸರ್ಕಾರಕ್ಕೆ ಅವನ ಮೇಲಿನ ಪ್ರೀತಿ ಬತ್ತಿರಲಿಲ್ಲ. ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡವನೆಂದು ಅವನ ಮನೆಗೆ ಕಂದಾಯ ಪೂರ್ತಿ ಮಾಫಿಯಾಗಿತ್ತು. ಅವನು ಹೋದ ಮೇಲೆ ಹೆಂಡತಿ ನೇಡೀನಳಿಗೂ ಅದು ಮುಂದುವರಿದಿತ್ತು. ಒಂದೇ ಷರತ್ತು, ಅವಳು ಮತ್ತೆ ಮದುವೆಯಾಗಬಾರದು. ಯಾರ ಜೊತೆ ಕುಣಿದರೂ, ಯಾರಿಗೆ ಬಡಿಸಿದರೂ ಕಂದಾಯ ಕೇಳುವ ಕೌಂಟಿ ಕಚೇರಿಯವರ ತಕರಾರಿಲ್ಲ. ಉಂಗುರ ಹಾಕಿಕೊಂಡರೆ ಮಾತ್ರ ಡೆಲ್ಬರ್ಟನ ಕಾಲುಗಳಿಗೆ ದ್ರೋಹ ಬಗೆದಂತೆ!

ಆಸ್ಟಿನ್ ನಗರದ ದುಡ್ಡಿನವರು ಬಂದು ಸುತ್ತಲಿನ ಜಮೀನು ಕೊಂಡ ಮೇಲೆ ಅವಳ ಹಳೇ ಹಲಗೆಮನೆಯ ಬೆಲೆಯೂ ಆಕಾಶಕ್ಕೇರಿತ್ತು. ಆ ಬೆಲೆಯ ಮೇಲೆ ಕಂದಾಯ ಬಿದ್ದರೆ ಮನೆ ಮಾರುವುದೊಂದೇ ದಾರಿ.

ಇಷ್ಟಾಗಿಯೂ ಅವಳಿಗೆ ಹಾರ್ಲನ್ ಟೀಗ್‌ನನ್ನು ಮದುವೆಯಾಗುವ ಆಸೆ. ಅವನೂ ಮಾಜಿ ಸೈನಿಕ. ಮಂಡಿ ಕೆಟ್ಟಿತ್ತು, ಕಿವಿ ಮಂದ, ಬೆನ್ನಿನಲ್ಲಿ ಬಾಂಬಿನ ಚೂರು. ಆದರೆ ಲೆಕ್ಕ ಹಾಕುವ ಮಹಾನುಭಾವರು ಅವನಿಗೆ ತೊಂಬತ್ತು ಪರ್ಸೆಂಟ್ ಅಂಗವೈಕಲ್ಯ ದಯಪಾಲಿಸಿ ನಿಲ್ಲಿಸಿಬಿಟ್ಟಿದ್ದರು. ನೂರಾದರೆ ಮದುವೆಯಾದ ಮೇಲೂ ಅವನ ಹೆಸರಿನಲ್ಲೇ ಮಾಫಿ, ಮನೆಯೂ ಉಳಿಯುತ್ತಿತ್ತು. ಹೀಗಾಗಿ ಮದುಮಗ ಇನ್ನೊಂದಿಷ್ಟು ಹಾಳಾಗಲೆಂದು ಮದುಮಗಳು ಕಾಯುತ್ತಿದ್ದಳು.

ಮರುತಪಾಸಣೆಗೆ ಹೋಗಿದ್ದ ಹಾರ್ಲನ್ ಸಂಜೆ ಮುಖ ಜೋಲು ಹಾಕಿಕೊಂಡು ಬಂದ.

"ಏನಂದ್ರು ಡಾಕ್ಟ್ರು?" ನೇಡೀನ್ ಬಾಗಿಲಲ್ಲೇ ಕೇಳಿದಳು.

"ಮಂಡಿ ಸುಧಾರಿಸಿದ್ಯಂತೆ. ಏನು ವ್ಯಾಯಾಮ ಮಾಡ್ತೀರಿ ಅಂತ ಕೇಳಿದ್ರು."

"ನೀನೇನಂದೆ?"

"ಪ್ರತಿ ಶುಕ್ರವಾರ ನೇಡೀನ್ ಜೊತೆ ಕುಣೀತೀನಿ ಅಂದೆ."

"ಅಯ್ಯೋ ಪುಣ್ಯಾತ್ಮ! ನಿಜ ಹೇಳೋಕೆ ಬೇರೆ ಜಾಗ ಸಿಗಲಿಲ್ವಾ? ಒಂಚೂರು ಕುಂಟೋಕೆ ಏನಾಗಿತ್ತು ನಿಂಗೆ?"

"ಮರೆತೇಹೋಯ್ತು ಕಣೇ. ನೋವೇ ಇರಲಿಲ್ಲ."

ಅವನು ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. ನೇಡೀನಳಿಗೆ ಸಿಟ್ಟು ಬಂತು, ಹಿಂದೆಯೇ ನಾಚಿಕೆಯೂ ಬಂತು. ಪ್ರೀತಿಸಿದವನ ನೋವು ಕಡಿಮೆಯಾಯಿತೆಂದು ಸಂಕಟಪಡುವವಳಾಗಿಬಿಟ್ಟೆನಲ್ಲ ಎಂದು ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಬೂಟು ಹಾಕಿಕೊಂಡಳು. ಅಂದು ಶುಕ್ರವಾರವೇ ಆಗಿತ್ತು.

ಭಾನುವಾರ ಪಾದ್ರಿ ಗ್ರೇಡಿ ಇಬ್ಬರನ್ನೂ ಚರ್ಚಿನ ಮೆಟ್ಟಿಲ ಮೇಲೇ ಹಿಡಿದರು. "ನೇಡೀನ್, ಜನ ಆಡ್ಕೋತಿದ್ದಾರಮ್ಮ. ಇವರ ಟ್ರಕ್ಕು ಬೆಳಗಾದ್ರೂ ನಿಮ್ಮನೆ ಮುಂದೇನೇ ನಿಂತಿರುತ್ತಂತೆ. ಮದುವೆ ಯಾವಾಗ?"

ನೇಡೀನ್ ಹಾರ್ಲನ್‌ನ ತೋಳು ಬಿಡಲಿಲ್ಲ.

"ಈ ಮೆಟ್ಟಿಲು ಹತ್ತೋಕೂ ಆಗದಷ್ಟು ಇವನು ಹಾಳಾದ ದಿನ, ಪಾದ್ರಿಗಳೇ. ಸರ್ಕಾರದವರು ಅದೇ ಮುಹೂರ್ತ ಇಟ್ಟಿದ್ದಾರೆ. ನಂಗಂತೂ ಆ ದಿನ ಬರೋದೇ ಬೇಡ."