ಸಂಪಾದಕರ ಅಭಿಪ್ರಾಯ

ಆ ಬೀದಿಯಲ್ಲಿ ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ಸಂಪಾದಕರು’. ಕೆಲಸ ಮಾತ್ರ ಕ್ಷೌರದ್ದು. ಎರಡು ಕುರ್ಚಿ, ಎದುರುಬದುರು ಕನ್ನಡಿ, ಕಾಯುವವರಿಗೊಂದು ಬೆಂಚು, ಕತ್ತಿ ಮಸೆಯಲು ಮೊಳೆಗೆ ನೇತುಹಾಕಿದ ಚರ್ಮದ ಪಟ್ಟಿ. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಅವನು ಫೋನಿನಲ್ಲಿ ತಂತ್ರಜ್ಞಾನದ ಸುದ್ದಿಯನ್ನೆಲ್ಲ ಅರೆದು ಕುಡಿದಿರುತ್ತಿದ್ದ. ಯಾವ ಕಂಪನಿ ಎಷ್ಟು ಜನರನ್ನು ಮನೆಗೆ ಕಳಿಸಿತು, ಯಾವ ಯಂತ್ರ ಮನುಷ್ಯನ ಹಾಗೆ ಹಾಡಿತು, ಯಾವ ಮಾಲೀಕ ಸಂಸತ್ತಿನ ಮುಂದೆ ಕೂತು ಸುಳ್ಳು ಹೇಳಿದ, ಎಲ್ಲವೂ ಅವನಿಗೆ ಕರತಲಾಮಲಕ. ರಾಜಕೀಯದ ಸುದ್ದಿಗೆ ಮಾತ್ರ ಹೋಗುತ್ತಿರಲಿಲ್ಲ.

“ರಾಜಕೀಯ ಮಾತಾಡಿದ್ರೆ ಅರ್ಧ ಗಿರಾಕಿಗಳು ನೊರೆ ಒರೆಸ್ಕೊಂಡು ಎದ್ದು ಹೋಗ್ತಾರೆ. ಕಂಪ್ಯೂಟರ್ ಕಂಪನಿಗೆ ಬೈದ್ರೆ ಎಲ್ಲರೂ ಕೂತು ಕೇಳ್ತಾರೆ” ಅನ್ನುತ್ತಿದ್ದ.

ಕೇಳುತ್ತಿದ್ದರು ಕೂಡ. ಕೇಳದೆ ಏನು ಮಾಡಿಯಾರು, ಗಂಟಲ ಮೇಲೆ ಅವನ ಕತ್ತಿ ಇರುವಾಗ! ಯಾರೋ ತಲೆಗೆ ಹುಳ ಬಿಟ್ಟರು, ಇಷ್ಟು ಚೆನ್ನಾಗಿ ಮಾತಾಡ್ತೀರಿ, ಫೋನಿಗೂ ಹೇಳಿ ಅಂತ. ಅವತ್ತಿನಿಂದ ಪೌಡರ್ ಡಬ್ಬಿಗೆ ಫೋನ್ ಒರಗಿಸಿಟ್ಟು, ಕತ್ತರಿ ಆಡಿಸುತ್ತಲೇ ದಿನಕ್ಕೊಂದು ಅಭಿಪ್ರಾಯ ಹೇಳಿ, ಆ ವಿಡಿಯೋ ಊರಿಗೆಲ್ಲ ಬಿಡತೊಡಗಿದ. ನೋಡುವವರು ಹೆಚ್ಚಿದರು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಬಾಯಿಂದಲೇ ಕೆಡುವವರ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ.

ಅವನಿಗಿದ್ದವಳು ಒಬ್ಬಳೇ ಮಗಳು. ತಾಯಿ ಹೋದಾಗ ಅವಳಿನ್ನೂ ಶಾಲೆಗೆ ಸೇರಿರಲಿಲ್ಲ. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕಿ ಕಳಿಸಿದವನು ಅವನೇ. ತಿಂಗಳಿಗೊಂದು ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು, ಮಗಳನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ ಕೂದಲ ತುದಿ ಕತ್ತರಿಸುತ್ತಿದ್ದ. ಓದು ಮುಗಿದರೂ ಅದು ತಪ್ಪಿರಲಿಲ್ಲ. ಊರ ಹೊರಗಿನ ಗಾಜಿನ ಕಟ್ಟಡದಲ್ಲಿ ಅವಳಿಗೆ ಕೆಲಸ ಸಿಕ್ಕಾಗ ಅಪ್ಪ ಆ ದಿನ ಬಂದ ಗಿರಾಕಿಗಳಿಗೆಲ್ಲ ಪುಕ್ಕಟೆ ಕ್ಷೌರ ಮಾಡಿದ. ಏನು ಕೆಲಸ ಅಂತ ಮನೆಯಲ್ಲೂ ಹೇಳಕೂಡದೆಂದು ಕಂಪನಿಯವರು ಸಹಿ ಹಾಕಿಸಿಕೊಂಡಿದ್ದರು. ಅದಂತೂ ಅವನಿಗೆ ಇನ್ನಷ್ಟು ಹೆಮ್ಮೆ.

“ಅಷ್ಟು ದೊಡ್ಡ ಗುಟ್ಟಿನ ಕೆಲ್ಸ ನಮ್ಮ ಪುಟ್ಟೀದು” ಎಂದು ಬೀದಿಗೆಲ್ಲ ಸಾರಿದ್ದ.

ಒಂದು ವರ್ಷವೂ ಆಗಿರಲಿಲ್ಲ, ಅವಳು ಕೂದಲು ಕತ್ತರಿಸಿಕೊಳ್ಳಲು ಬರುವುದನ್ನು ನಿಲ್ಲಿಸಿದಳು. ಸುಸ್ತು, ತಲೆನೋವು, ಮುಂದಿನ ವಾರ ನೋಡೋಣ ಅಂತ ನೆವ. ಆಮೇಲೊಂದು ದಿನ ಬಚ್ಚಲಲ್ಲಿ ತಾನೇ ಕತ್ತರಿಸಿಕೊಂಡು ಬಂದಳು. ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ, ಇಲಿ ಕಡಿದ ಹಾಗೆ. ಸರಿಮಾಡಲೆಂದು ಅವನು ಕತ್ತರಿ ಹಿಡಿದು ಬೆನ್ನ ಹಿಂದೆ ನಿಂತದ್ದೇ ತಡ, ಕಿಟ್ಟನೆ ಕಿರುಚಿ ಗೋಡೆಗೆ ಹೋಗಿ ಅಂಟಿಕೊಂಡಳು. ರಜೆಯ ದಿನ ಮಧ್ಯಾಹ್ನ ಊಟದ ಡಬ್ಬಿ ತಂದುಕೊಡುತ್ತಿದ್ದವಳು ಅದನ್ನು ಪಕ್ಕದ ಬೀಗದಂಗಡಿಯಲ್ಲಿಟ್ಟು ಹೋಗತೊಡಗಿದಳು. ಒಮ್ಮೆ ಕನ್ನಡಿಯಲ್ಲಿ ಅವನಿಗೆ ಕಂಡಿತು: ಗಿರಾಕಿಯೊಬ್ಬ ತಲೆ ಹಿಂದಕ್ಕೆ ಚೆಲ್ಲಿ ಮಲಗಿದ್ದ, ಇವನು ಗಂಟಲ ಕೆಳಗಿನ ನೊರೆ ಹೆರೆಯುತ್ತಿದ್ದ, ಮಗಳು ಹೊಸ್ತಿಲ ಹೊರಗೆ ನಿಂತವಳು ಮುಖ ಕಿವಿಚಿ ತಿರುಗಿಕೊಂಡು ಹೊರಟೇಹೋದಳು.

ಅವನಿಗೆ ಅರ್ಥವಾಯಿತು, ಅಂದರೆ ಅರ್ಥವಾಯಿತು ಅಂದುಕೊಂಡ. ಗಾಜಿನ ಕಟ್ಟಡ ಸೇರಿದವಳಿಗೆ ಅಪ್ಪನ ಕತ್ತಿ ಕತ್ತರಿ ಕಂಡರೆ ನಾಚಿಕೆ. ಹತ್ತಿದ ಮೇಲೆ ಏಣಿ ಒದೆಯುವುದು ಲೋಕರೂಢಿ, ಆದರೆ ಮನೆಮಗಳೂ ಹಾಗೆ ಮಾಡಿದರೆ ಕರುಳಿಗೆ ನಾಟುತ್ತದೆ. ಬಾಯಿ ಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತೇನೋ. ಲೋಕದ ಸುದ್ದಿಗೆಲ್ಲ ಬಾಯಿ ಹಾಕುವವನಿಗೆ ಮನೆಯೊಳಗೆ ಮಾತೇ ಹೊರಡಲಿಲ್ಲ.

ಟಿವಿಯದು ಇನ್ನೊಂದು ಕಥೆ. ಅವಳು ಆಫೀಸಿನಿಂದ ಬಂದು ಅದರ ಮುಂದೆ ಕೂತರೆ ದನಿಯೂ ಇಲ್ಲ, ಬಣ್ಣವೂ ಇಲ್ಲ. ಕೆಟ್ಟಿರಬೇಕೆಂದು ಅವನು ರಿಪೇರಿಯವನನ್ನು ಕರೆಸಿದ. ಟಿವಿ ಕೆಟ್ಟಿಲ್ಲ, ಯಾರೋ ಬೇಕಂತಲೇ ಬಣ್ಣ ತೆಗೆದಿದ್ದಾರೆ ಅಂದ ಅವನು, ಸರಿಮಾಡಿ ಹೋದ. ಮರುದಿನ ನೋಡಿದರೆ ಮತ್ತೆ ಬೂದಿ.

“ಇದೇನೇ ಪುಟ್ಟಿ, ನಮ್ಮ ತಾತನ ಕಾಲದ ಟಿವಿ ಮಾಡಿಟ್ಟಿದ್ದೀಯ?”

“ಹೀಗೇ ಇರಲಿ ಬಿಡಪ್ಪ. ಕಣ್ಣಿಗೆ ಹಗುರ.”

ಹೀಗಿರುವಾಗ ಆ ಸುದ್ದಿ ಬಂತು. ಜನ ಫೋನಿಗೆ ಹಾಕುವ ವಿಡಿಯೋಗಳಲ್ಲಿ ಯಾವುದು ಇರಬೇಕು, ಯಾವುದು ತೆಗೆಯಬೇಕು ಎಂದು ಕೂತು ನೋಡುವ ಕೆಲಸಗಾರರು ಒಂದು ದೊಡ್ಡ ಕಂಪನಿಯ ಮೇಲೆ ಕೇಸು ಹಾಕಿದ್ದಾರೆ. ನೋಡಿ ನೋಡಿ ತಲೆ ಕೆಟ್ಟಿದೆ, ಚಿಕಿತ್ಸೆ ಕೊಡಿಸಿ, ಬೇರೆ ಕೆಲಸಕ್ಕೆ ಹಾಕಿ ಅನ್ನುತ್ತಿದ್ದಾರೆ. ಹೆಸರುಗಳನ್ನು ಗುಟ್ಟಾಗಿಡಲಾಗಿದೆ.

ಸಂಪಾದಕರಿಗೆ ಹಬ್ಬ. ಬೆಂಚಿನ ಮೇಲೆ ಬಸ್ ಡ್ರೈವರೂ ರಿಟೈರಾದ ಮೇಷ್ಟ್ರೂ ಇದ್ದರು. ಫೋನು ಪೌಡರ್ ಡಬ್ಬಿಗೆ ಒರಗಿತು.

“ಕೇಳಿದ್ರಾ ಸ್ವಾಮಿ ಹೊಸ ಕಾಯಿಲೆ? ವಿಡಿಯೋ ನೋಡೋ ಕಾಯಿಲೆ! ತಂಪು ರೂಮು, ಮೆತ್ತನೆ ಕುರ್ಚಿ, ಕೈಲಿ ಕಾಫಿ. ನೋಡಿದ್ದಕ್ಕೆ ಸಂಬಳ, ನೋಡಿ ಬೇಜಾರಾದ್ರೆ ಆಸ್ಪತ್ರೆ ಖರ್ಚು. ನಾನು ಬೆಳಗಿಂದ ಸಂಜೆ ತನಕ ನಿಂತ್ಕೊಂಡು ಊರೋರ ಕಂಕುಳು ನೋಡ್ತೀನಲ್ಲ, ನನಗ್ಯಾರು ಕೊಡ್ತಾರೆ?” ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಕೇಳಿ ಇವನಿಗೆ ಹುರುಪೇರಿತು, ಹುರುಪಿನ ಹಿಂದೆಯೇ ಒಳಗಿದ್ದ ನೋವೂ ಬಂತು. “ಇವರ ಅಪ್ಪಂದಿರು ನಿಂತು ದುಡಿದು ಇವರನ್ನ ಕೂರೋ ಕೆಲಸಕ್ಕೆ ಹಾಕಿದ್ರು. ಈಗ ಕೂರೋದೂ ಕಷ್ಟವಂತೆ! ಅಪ್ಪನ ಕಸುಬು ಕಂಡ್ರೆ ಮೂಗು ಮುಚ್ಚೋ ಮಕ್ಕಳು ಇವು. ನಾಚಿಕೆ ಆಗ್ಬೇಕು.”

ಫೋನು ಆಫ್ ಮಾಡಿದ ಮೇಲೆ ಮೇಷ್ಟ್ರು ಮೆಲ್ಲಗೆ ಕೇಳಿದರು. “ಅಲ್ಲಯ್ಯ, ಅವರು ನೋಡೋ ವಿಡಿಯೋ ಎಂಥದ್ದು ಅಂತ ಗೊತ್ತೇನು?”

“ಎಂಥದ್ದಿರುತ್ತೆ ಮೇಷ್ಟ್ರೇ? ಬೆಕ್ಕು, ನಾಯಿ, ಮದುವೆ ಡ್ಯಾನ್ಸು.”

ಆ ವಿಡಿಯೋ ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಒಬ್ಬ ಅದಕ್ಕೆ ತಮಟೆ ಸೇರಿಸಿದ, ಇನ್ನೊಬ್ಬ ‘ಕಂಕುಳು’ ಅನ್ನುವಲ್ಲಿ ನಗುವ ಸದ್ದು ಸೇರಿಸಿದ. ಯಾರೋ ಸಿನಿಮಾದವರೂ ಹಂಚಿದರಂತೆ. ಕೇಸು ಹಾಕಿದವರನ್ನು ಜನ ಬಾಯಿಗೆ ಬಂದಂತೆ ಬೈದರು. ದೂರದ ಬೀದಿಗಳಿಂದ ಹುಡುಕಿಕೊಂಡು ಬಂದವರು ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮನೆಯಲ್ಲಿ ಮಗಳು ಊಟಕ್ಕೆ ಕೂತು ಕೈ ತೊಳೆದು ಏಳುತ್ತಿದ್ದಳು. ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಇರುತ್ತಿತ್ತು.

ಅದೇ ವಾರ ಅಂಗಡಿಗೆ ಮಾತಿನಮಲ್ಲಿ ಬಂದಳು. ಮಗಳ ಜೊತೆಗೇ ಕೆಲಸಕ್ಕೆ ಸೇರಿದ ಗೆಳತಿ. ಒಂದು ಕಾಲದಲ್ಲಿ ಮನೆಗೆ ಬಂದರೆ ಉಸಿರು ಬಿಡದೆ ಹರಟುತ್ತಿದ್ದುದಕ್ಕೆ ಅವನೇ ಇಟ್ಟ ಹೆಸರು. ಈಗ ಬೆಂಚಿನ ತುದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಗಿರಾಕಿಗಳೆಲ್ಲ ಹೋಗುವ ತನಕ ಸುಮ್ಮನೆ ಕೂತಿದ್ದಳು.

“ಏನಮ್ಮ ಮಲ್ಲಿ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ?”

“ಅಂಕಲ್, ಕೇಸು ಹಾಕಿರೋದು ನಾವು.”

ಅವನಿಗೆ ಗೊತ್ತಾಗಲಿಲ್ಲ. “ಯಾವ ಕೇಸು?”

“ನೀವು ವಿಡಿಯೋ ಮಾಡಿದ್ರಲ್ಲ, ಅದೇ. ನಾನು, ನಿಮ್ಮ ಮಗಳು, ಇನ್ನೂ ಕೆಲವರು. ಅದೇ ನಮ್ಮ ಕೆಲಸ.”

ಅವಳು ನೆಲ ನೋಡುತ್ತಲೇ ಹೇಳಿದಳು. “ನಮಗೆ ಒಬ್ಬೊಬ್ಬರಿಗೆ ಒಂದೊಂದು ಬಗೆ ಹಂಚ್ತಾರೆ. ಒಂದೇ ಥರದ್ದು ನೋಡಿದ್ರೆ ಕೈ ಪಳಗುತ್ತೆ, ಕೆಲಸ ಬೇಗ ಆಗುತ್ತೆ ಅಂತ. ನನಗೆ ಚಿಕ್ಕ ಮಕ್ಕಳದ್ದು. ಅದು ಬೇಡ ಬಿಡಿ. ಅವಳಿಗೆ ಕುತ್ತಿಗೆ.”

“ಕುತ್ತಿಗೆ ಅಂದ್ರೆ?”

“ಕುಯ್ಯೋದು ಅಂಕಲ್. ನಿಜವಾದ ಮನುಷ್ಯರದ್ದು. ತೆಗೀಬೇಕು ಅಂದ್ರೆ ಮೊದಲು ನೋಡ್ಬೇಕಲ್ಲ. ದಿನಾ, ಬೆಳಗಿಂದ ಸಂಜೆ ತನಕ. ಸೌಂಡ್ ತೆಗೆದು, ಬಣ್ಣ ತೆಗೆದು ನೋಡಿದ್ರೆ ಸ್ವಲ್ಪ ತಡ್ಕೋಬಹುದು ಅಂತ ನಾವೇ ಒಬ್ಬರಿಗೊಬ್ಬರು ಹೇಳ್ಕೊಟ್ವಿ.”

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಇವನ ಅಂಗಡಿಯ ತುಂಬ ಕನ್ನಡಿ, ಆದರೂ ಹುಣ್ಣು ಕಂಡಿರಲಿಲ್ಲ. ಮೊಳೆಗೆ ನೇತಾಡುತ್ತಿದ್ದ ಪಟ್ಟಿ, ತಟ್ಟೆಯಲ್ಲಿ ತೆರೆದೇ ಇದ್ದ ಕತ್ತಿ, ತಲೆ ಹಿಂದಕ್ಕೆ ಒರಗಿಸುವ ಕುರ್ಚಿ, ಹೊಸ್ತಿಲಲ್ಲಿ ಮುಖ ಕಿವಿಚಿ ನಿಂತ ಮಗಳು. ನಾಚಿಕೆಯಲ್ಲ ಅದು, ಹೆದರಿಕೆ. ಕತ್ತಿಯನ್ನು ಮಡಿಚಿ ಡ್ರಾಯರಿಗೆ ಹಾಕಿ ಮುಚ್ಚಿದ.

“ಒಂದಿನ ಅಲ್ಲೇ ತಲೆ ತಿರುಗಿ ಬಿದ್ದಳು. ಆಗ ಕಂಪನಿ ಡಾಕ್ಟರೇ ಕೆಲಸದಿಂದ ಬಂದ ಕಾಯಿಲೆ ಅಂತ ಬರೆದುಕೊಟ್ಟು ತಪ್ಪು ಮಾಡ್ಕೊಂಡ್ರು. ನಮಗ್ಯಾರಿಗೂ ಅಂಥ ಚೀಟಿ ಇಲ್ಲ. ಅವಳು ಬಂದು ಜಡ್ಜ್ ಮುಂದೆ ಹೇಳಿದ್ರೆ ಕೇಸು ಗಟ್ಟಿಯಾಗಿ ನಿಲ್ಲುತ್ತೆ, ಚಿಕಿತ್ಸೆ ಸಿಗುತ್ತೆ. ಇಲ್ದಿದ್ರೆ ಇಲ್ಲ. ನಾಡಿದ್ದು ವಿಚಾರಣೆ. ನಿಮ್ಮ ವಿಡಿಯೋ ನೋಡಿದ ಮೇಲೆ ಬರಲ್ಲ ಅಂತಿದ್ದಾಳೆ. ನೀವು ಒಂದು ಮಾತು ಹೇಳಿ ಅಂಕಲ್. ನಿಮ್ಮ ಮಾತು ಕೇಳ್ತಾಳೆ.”

ಅವಳು ಹೋದ ಮೇಲೆ ಅವನು ಶಟರ್ ಎಳೆದು, ಒಳಗೇ ಕೂತು, ಮೊದಲು ತನ್ನ ವಿಡಿಯೋ ಅಳಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸಿದ್ದು ಒಂದು, ಊರಲ್ಲಿ ಅಲೆಯುತ್ತಿದ್ದುದಕ್ಕೆ ಲೆಕ್ಕವಿಲ್ಲ. ತಮಟೆಯದ್ದು, ನಗುವಿನದ್ದು, ಸಿನಿಮಾದವರು ಹಂಚಿದ್ದು. ಪ್ರತಿಯೊಂದರ ಕೆಳಗೂ ದೂರು ಕೊಡುವ ಜಾಗ ಹುಡುಕಿ, ದಪ್ಪ ಬೆರಳಲ್ಲಿ ಒತ್ತಿ ಒತ್ತಿ ಬರೆದ: ‘ಇದರಲ್ಲಿರುವುದು ನಾನೇ. ಹೇಳಿದ್ದು ತಪ್ಪು. ದಯವಿಟ್ಟು ತೆಗೆಯಿರಿ.’ ಮರುದಿನವೂ ಅಂಗಡಿ ತೆರೆಯದೆ ಅದನ್ನೇ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಬರತೊಡಗಿದವು. ಎಲ್ಲದರಲ್ಲೂ ಒಂದೇ ಒಕ್ಕಣೆ: ‘ನಿಮ್ಮ ದೂರನ್ನು ನಮ್ಮ ಪರಿಶೀಲಕರು ನೋಡಿದ್ದಾರೆ. ಈ ವಿಡಿಯೋ ನಮ್ಮ ನಿಯಮಗಳನ್ನು ಮೀರಿಲ್ಲ.’

ಸಂಜೆ ಮಗಳು ಬೂದು ಟಿವಿಯ ಮುಂದೆ ಕೂತಿದ್ದಳು. ಅವನು ಹಿಂದಿನಿಂದ ಹೋಗಲಿಲ್ಲ. ಸುತ್ತಿ ಬಂದು, ಎದುರಿಗೆ, ಅವಳಿಗೆ ಕಾಣುವ ಹಾಗೆ ನೆಲದ ಮೇಲೆ ಕೂತ. ಎರಡೂ ಕೈ ಮಂಡಿಯ ಮೇಲೆ ಬಿಡಿಸಿಟ್ಟುಕೊಂಡ.

“ಮಲ್ಲಿ ಬಂದಿದ್ಲು ಪುಟ್ಟಿ. ಎಲ್ಲ ಹೇಳಿದ್ಲು.”

ಅವಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ನನಗೆ ಗೊತ್ತಿರಲಿಲ್ಲ ಕಣಮ್ಮ. ನನ್ನ ಕಸುಬಿಗೆ ನಾಚ್ಕೋತೀಯ ಅಂದ್ಕೊಂಡೆ. ನನ್ನ ನಾಲಿಗೆ ಸೀದುಹೋಗ. ನಾಳೆ ನಾನೂ ಬರ್ತೀನಿ ಕೋರ್ಟಿಗೆ. ಎಲ್ಲರೆದುರು ಹೇಳ್ತೀನಿ, ನಂದೇ ತಪ್ಪು ಅಂತ.”

“ಬೇಡಪ್ಪ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು. “ಕಂಪನಿ ಲಾಯರು ನಿನ್ನ ವಿಡಿಯೋನೇ ಹಾಕಿ ತೋರಿಸ್ತಾರಂತೆ. ಸ್ವಂತ ಅಪ್ಪನೇ ಹೀಗಂತಾನೆ, ಇವಳದ್ದು ಕಾಯಿಲೆಯಲ್ಲ, ಸೋಮಾರಿತನ ಅಂತ. ನಾನು ಇವತ್ತು ಬೆಳಿಗ್ಗೆ ಕೇಸಿಗೆ ಹಾಕಿದ್ದ ಸಹಿ ವಾಪಸ್ ತಗೊಂಡೆ.”

“ಆ ವಿಡಿಯೋ ತೆಗೆಸ್ತಿದ್ದೀನಿ ಪುಟ್ಟಿ! ನಿನ್ನೆಯಿಂದ ಒಂದೊಂದಕ್ಕೂ ದೂರು ಕೊಟ್ಟಿದ್ದೀನಿ. ಅಲ್ಲಿ ಯಾರೋ ಕಟುಕರು ಕೂತಿದ್ದಾರೆ, ನಿಯಮ ಮೀರಿಲ್ಲ, ನಿಯಮ ಮೀರಿಲ್ಲ ಅಂತ...”

“ಅದು ನಾನೇ, ಅಪ್ಪ.”

ಟಿವಿಯಲ್ಲಿ ಯಾರೋ ಬಾಯಿ ಆಡಿಸುತ್ತಿದ್ದರು.

“ತಲೆ ತಿರುಗಿ ಬಿದ್ದ ಮೇಲೆ ನನ್ನನ್ನ ಮಾತಿನ ವಿಭಾಗಕ್ಕೆ ಹಾಕಿದ್ರು, ಹಗುರ ಇರುತ್ತೆ ಅಂತ. ನಮ್ಮ ಭಾಷೆಗೆ ಅಲ್ಲಿ ನಾನೊಬ್ಬಳೇ. ನೀನು ಕಳಿಸಿದ್ದೆಲ್ಲ ನನ್ನ ಹತ್ರಾನೇ ಬಂತು. ಅದರಲ್ಲಿ ಯಾರ ಹೆಸರೂ ಇಲ್ಲ, ಹೊಡೀರಿ ಬಡೀರಿ ಅಂತಾನೂ ಇಲ್ಲ. ಬರೀ ಅಭಿಪ್ರಾಯ. ಅಭಿಪ್ರಾಯ ತೆಗೆಯೋ ಹಾಗಿಲ್ಲ. ತೆಗೆದ್ರೆ ಮೇಲಿನವರು ಮತ್ತೆ ನೋಡ್ತಾರೆ, ತಪ್ಪು ಅಂತ ಗೊತ್ತಾದ್ರೆ ಹಳೇ ವಿಭಾಗಕ್ಕೆ ಕಳಿಸ್ತಾರೆ.”

ಕೇಳಬಾರದೆಂದು ಗೊತ್ತಿದ್ದೂ ಅವನು ಕೇಳಿದ. “ನೀನು... ಸೌಂಡ್ ತೆಗೆದು ನೋಡಿದ್ಯಾ?”

“ಬೇರೇದನ್ನ ಹಾಗೆ ನೋಡಬಹುದು. ಮಾತಿನದ್ದು ಆಗಲ್ಲ. ಪ್ರತಿಯೊಂದನ್ನೂ ಮೊದಲಿಂದ ಕೊನೇ ತನಕ ಕೇಳ್ಬೇಕು. ನೀನು ಬೇಗ ಬೇಗ ಕಳಿಸ್ತಾನೇ ಇದ್ದೆ.”

ಅವಳು ಎದ್ದು ಒಳಗೆ ಹೋದಳು. ಅವನು ಬೂದು ಬೆಳಕಿನಲ್ಲಿ ಕೂತೇ ಇದ್ದ. ತಾನು ಒತ್ತಿದ ಒಂದೊಂದು ಸಲವೂ ಅಲ್ಲಿ ಅವಳ ಕಿವಿಯಲ್ಲಿ ತನ್ನದೇ ದನಿ ‘ನಾಚಿಕೆ ಆಗ್ಬೇಕು’ ಅಂದಿತ್ತು ಎಂಬುದು ಅವನಿಗೆ ಮೆಲ್ಲಮೆಲ್ಲಗೆ ತಿಳಿಯಿತು. ಅಳು ಬಂತು. ಸದ್ದಾದರೆ ಅವಳಿಗೆ ಕೇಳಿಸೀತೆಂದು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತ.

ವಿಚಾರಣೆಯ ಮರುದಿನ ಅಂಗಡಿ ತೆರೆಯಿತು. ಮಗಳು ಎಂದಿನಂತೆ ಕೆಲಸಕ್ಕೆ ಹೋಗಿದ್ದಳು. ಕತ್ತಿ ಡ್ರಾಯರಿನೊಳಗೇ ಇತ್ತು. ಗಡ್ಡಕ್ಕೆ ಬಂದವರಿಗೆ ಇನ್ನು ಮೇಲೆ ಬರೀ ಕಟಿಂಗ್ ಎಂದು ಹೇಳುತ್ತಿದ್ದ. ಬಸ್ ಡ್ರೈವರು ಫೋನು ಎತ್ತಿ ಹಿಡಿದುಕೊಂಡೇ ಒಳಗೆ ಬಂದ. ಬೆಂಚಿನ ಮೇಲಿದ್ದ ಮೇಷ್ಟ್ರು ತಲೆ ಎತ್ತಲಿಲ್ಲ.

“ಕೇಸು ವಜಾ ಆಯ್ತಂತೆ ಸಂಪಾದಕರೇ! ಮುಖ್ಯ ಸಾಕ್ಷೀನೇ ಬರಲಿಲ್ಲವಂತೆ. ನೀವು ಅವತ್ತೇ ಹೇಳಿದ್ರಿ. ನಿಮ್ಮ ಮಾತು ಯಾವತ್ತು ಸುಳ್ಳಾಗಿದೆ!” ಎಂದು ಕುರ್ಚಿಯಲ್ಲಿ ಕೂತು, ತಾನೇ ಫೋನನ್ನು ಪೌಡರ್ ಡಬ್ಬಿಗೆ ಒರಗಿಸಿದ. “ಹೂಂ, ಶುರು ಮಾಡಿ. ಏನಂತೀರಿ ಇದಕ್ಕೆ?”