ಹನ್ನೆರಡು ಕುರ್ಚಿಯ ಮೇಜು

ಮಗಳಿಗೆ ಎರಡು ಕಡೆ ಸೀಟು ಸಿಕ್ಕಿದಾಗ ನಾನು ಎಲ್ಲರೆದುರು ಒಂದು ಕಾರಣ ಹೇಳಿದೆ, ಮನಸ್ಸಿನಲ್ಲಿ ಇನ್ನೊಂದನ್ನು ಇಟ್ಟುಕೊಂಡೆ.

ಒಂದು, ಯಾರಿಗೆ ಹೇಳಿದರೂ ಹುಬ್ಬೇರಿಸುವಂಥ ವಿಶ್ವವಿದ್ಯಾಲಯ. ಮುನ್ನೂರು ಜನ ಕೂರುವ ಸಭಾಂಗಣ, ನಾಲ್ಕು ಮಹಡಿಯ ಗ್ರಂಥಾಲಯ. ಇನ್ನೊಂದು, ಹಳೆಯ ಕಾರ್ಖಾನೆಯ ಕಟ್ಟಡದಲ್ಲಿ ನಡೆಯುವ ಪುಟ್ಟ ಲಿಬರಲ್ ಆರ್ಟ್ಸ್ ಕಾಲೇಜು. ಅಲ್ಲಿ ಒಂದೇ ವಿಷಯಕ್ಕೆ ಅಂಟಿಕೊಳ್ಳದೆ ಇತಿಹಾಸ, ಗಣಿತ, ತರ್ಕ, ಚಿತ್ರಕಲೆ ಎಲ್ಲವನ್ನೂ ಓದಬೇಕು. ಅದೂ ಒಂದು ಮೇಜಿನ ಸುತ್ತ ಹನ್ನೆರಡು ಜನ ಕೂತು, ಪ್ರತಿಯೊಬ್ಬರೂ ಬಾಯಿಬಿಟ್ಟು. ಮಾತಿಗೂ ಅಂಕವಿದೆ ಎಂದು ಪರಿಚಯ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು.

ವಿಶ್ವವಿದ್ಯಾಲಯವೇ ಸರಿ, ಹೆಸರು ದೊಡ್ಡದು ಎಂದೆ. ನಿಜವಾದ ಕಾರಣ ಆ ಮುನ್ನೂರು ಕುರ್ಚಿ. ಮುನ್ನೂರರ ನಡುವೆ ಹಿಂದಿನ ಸಾಲಿನಲ್ಲಿ ಕೂತವಳನ್ನು ಯಾರೂ ಎಬ್ಬಿಸಿ ಪ್ರಶ್ನೆ ಕೇಳುವುದಿಲ್ಲ. ನನ್ನ ಮಗಳು ಉಗ್ಗುತ್ತಾಳೆ.

ಮಾತು ಹೊರಟು ತುಟಿಯ ಹತ್ತಿರ ನಿಂತುಬಿಡುತ್ತದೆ. ಗಲ್ಲ ಬಿಗಿಯುತ್ತದೆ, ಕಣ್ಣು ಒಂದು ಮೂಲೆಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಎದುರಿನವರ ಮುಖ ಏನೇನಾಗುತ್ತದೆ ಎನ್ನುವುದನ್ನು ಹದಿನಾಲ್ಕು ವರ್ಷದಿಂದ ನೋಡಿದ್ದೇನೆ. ಅದು ಆಗುವ ಮೊದಲೇ ಅವಳ ವಾಕ್ಯವನ್ನು ನಾನು ಮುಗಿಸಿಬಿಡುತ್ತಿದ್ದೆ. ನನಗದು ಕಷ್ಟವೂ ಅಲ್ಲ. ನಾನಿರುವುದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ. ಗಾಜಿನ ಆಚೆ ಗಾಬರಿಯಾಗಿ ನಿಂತವರು ‘ಅದು, ನಮ್ಮಪ್ಪಂದು...’ ಎನ್ನುವಷ್ಟರಲ್ಲಿ ‘ಎಕ್ಸ್‌ರೇ, ಎಡಗಡೆ ಮೂರನೇ ಬಾಗಿಲು’ ಎಂದಿರುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತದೆ.

ಗಂಡನದು ಕನ್ನಡಕದ ಅಂಗಡಿ. ದಿನವಿಡೀ ಗಾಜು ಬದಲಿಸಿ ಇದರಲ್ಲಿ ಚೆನ್ನಾಗಿ ಕಾಣುತ್ತದೋ ಅದರಲ್ಲೋ ಎಂದು ಕೇಳಿ, ಗಿರಾಕಿ ಉತ್ತರ ಹೇಳುವವರೆಗೆ ಗೋಡೆ ನೋಡುತ್ತ ನಿಲ್ಲುವ ಮನುಷ್ಯ. ಮಗಳಿಗೂ ಅಷ್ಟೇ ಹೇಳಿದರು. “ನೋಡೋ ಕಣ್ಣು ನಿಂದು ಮರಿ. ನಾನು ಗಾಜು ಹಿಡ್ಕೋಬಹುದು ಅಷ್ಟೆ.”

ನನ್ನ ಅಣ್ಣನಿಗೆ ಈ ತಾಳ್ಮೆ ಇಲ್ಲ. ಅವನದು ಲಾರಿ ಬುಕಿಂಗ್ ಆಫೀಸು. ಸೋದರ ಸೊಸೆಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ್ದನ್ನು ಸರಕು ಇಳಿಸಲು ಬಂದವರಿಗೂ ಹೇಳಿ ಮುಗಿಸಿದ್ದ. ಮಗಳು ಇನ್ನೂ ಯೋಚಿಸುತ್ತಿದ್ದಾಳೆಂದು ತಿಳಿದದ್ದೇ ಮನೆಗೆ ಬಂದು ನನ್ನ ಮೇಲೆ ರೇಗಿದ. “ಆನೆ ಮೇಲೆ ಕೂರಿಸ್ತೀವಿ ಅಂದ್ರೆ ಇಳಿದು ನಡ್ಕೊಂಡ್ ಬರ್ತೀನಿ ಅಂತಾಳಲ್ಲೇ ನಿನ್ ಮಗಳು. ಆ ಕಾಲೇಜಿನ ಹೆಸರು ನಮ್ಮ ಡ್ರೈವರ್‌ಗಳಿಗೂ ಗೊತ್ತಿಲ್ಲ. ಊರೂರು ಸುತ್ತೋರು ಅವರು.”

ಮಗಳು ಮಾವನ ಮಾತಿಗೆ ನಕ್ಕಳೇ ಹೊರತು ಒಪ್ಪಲಿಲ್ಲ. ಆ ಪರಿಚಯ ಪುಸ್ತಕ ಅವಳ ದಿಂಬಿನ ಪಕ್ಕದಿಂದ ಕದಲಲೂ ಇಲ್ಲ. ಆಗ ನಾನೊಂದು ಕೆಲಸ ಮಾಡಿದೆ. ಅವಳಿಗೂ ಗಂಡನಿಗೂ ಹೇಳದೆ ಆ ಕಾಲೇಜಿಗೆ ಪತ್ರ ಬರೆದೆ. ಮಗಳಿಗೆ ಮಾತಿನ ತೊಂದರೆಯಿದೆ, ಅವಳು ನಿಮ್ಮಲ್ಲಿಗೆ ಬರುವುದಾದರೆ ಮೇಜಿನ ಸುತ್ತ ಮಾತಾಡುವುದರಿಂದ ವಿನಾಯಿತಿ ಕೊಡಬೇಕು, ಬದಲಿಗೆ ಬರೆದು ಒಪ್ಪಿಸುತ್ತಾಳೆ ಎಂದು. ‘ತೊಂದರೆ’ ಎನ್ನುವುದೋ ‘ಅಡಚಣೆ’ ಎನ್ನುವುದೋ ಎಂದು ಎರಡು ದಿನ ತೂಗಿದ್ದೆ. ಅಷ್ಟೆಲ್ಲ ತೂಗಿದವಳು, ಯಾವ ವಿದ್ಯಾರ್ಥಿಯ ವಿಷಯ ಎಂದು ಗೊತ್ತಾಗಲಿ ಎಂದು ಮೇಲೆ ಅರ್ಜಿ ಸಂಖ್ಯೆ ಹಾಕಿದೆ. ಉತ್ತರ ಅರ್ಜಿದಾರರ ಹೆಸರಿಗೇ ಬಂತು.

ಅವಳು ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಓದಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು. ಇತಿಹಾಸದ ಅಧ್ಯಾಪಕಿಯೊಬ್ಬರು ಬರೆದಿದ್ದರು. ‘ನಿಮ್ಮ ತಾಯಿಯವರು ವಿನಾಯಿತಿ ಕೇಳಿದ್ದಾರೆ. ಮಾತಾಡುವುದರಿಂದ ನಮ್ಮಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಆದರೆ ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ, ಎಷ್ಟು ಹೊತ್ತಾದರೂ. ಒಂದು ದಿನ ತರಗತಿಗೆ ಬಂದು ಕೂತು ನೋಡಿ. ತಾಯಿಯವರೂ ಬರಬಹುದು. ನಿಯಮ ಅವರಿಗೂ ಅನ್ವಯಿಸುತ್ತದೆ.’

“ಅಮ್ಮ, ನೀನು...” ಎಂದವಳ ಮಾತು ನಿಂತಿತು.

ಹೆದರಿಕೆಯಿಂದ ಹಾಗೆ ಮಾಡಿದೆ ಅಂತೀಯಾ ಎಂದು ಆಗಲೂ ನಾನೇ ಮುಗಿಸಿದೆ. ಅವಳು ತಲೆಯಾಡಿಸಿದಳು. ನಾನು ಸುಮ್ಮನಾಗುವವರೆಗೆ ಕಾದು ಹೇಳಿದಳು.

“ಅದಲ್ಲ. ನೀನು ನನ್ನ ಕೇಳ್ಲಿಲ್ಲ.”

ಮುಂದಿನ ಬುಧವಾರ ಇಬ್ಬರೂ ಹೋದೆವು. ಶುಕ್ರವಾರ ಸಂಜೆ ಐದರೊಳಗೆ ವಿಶ್ವವಿದ್ಯಾಲಯಕ್ಕೆ ಬರುತ್ತೇವೋ ಇಲ್ಲವೋ ತಿಳಿಸಬೇಕಿತ್ತು. ಒಂದು ದಿನ ಕೂತು ನೋಡಿದರೆ ಅವಳೇ ಹಿಂಜರಿಯುತ್ತಾಳೆ ಎಂದು ಬಸ್ಸಿನಲ್ಲಿ ನನ್ನ ಲೆಕ್ಕಾಚಾರ. ಹಾಗಾಗಲಿ ಎಂದು ಆಸೆಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಸೆಪಟ್ಟದ್ದು ನಿಜ.

ಇಟ್ಟಿಗೆ ಗೋಡೆಯ ಎತ್ತರದ ಕೋಣೆ, ಉದ್ದನೆಯ ಮರದ ಮೇಜು. ನನ್ನನ್ನು ಕಿಟಕಿಯ ಬಳಿ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಅಧ್ಯಾಪಕಿ ಸಣ್ಣ ಆಳು, ಕತ್ತಿಗೆ ಎರಡು ಕನ್ನಡಕ ನೇತುಹಾಕಿಕೊಂಡಿದ್ದರು. ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಬಹಳ ಹಿಂದೆ ಒಂದು ಗಿರಣಿಯಲ್ಲಿ ಬಾಯ್ಲರ್ ಸಿಡಿದಾಗ ಐವರು ಕೆಲಸಗಾರರು ಕೊಟ್ಟ ಹೇಳಿಕೆಗಳು ಅವು. ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿರಲಿಲ್ಲ, ತಪ್ಪು ಯಾರದೂ ಅಲ್ಲ ಎಂದು ಐವರೂ ಹೇಳಿದ್ದರು. ಇದನ್ನು ನಂಬಬಹುದೇ ಎಂಬುದು ಪ್ರಶ್ನೆ.

ಕುರುಚಲು ಗಡ್ಡದ ಹುಡುಗ ನಂಬಬಹುದು ಎಂದ. ಐದು ಜನ ಒಂದೇ ಮಾತು ಹೇಳಿದರೆ ಅದಕ್ಕಿಂತ ಸಾಕ್ಷಿ ಇನ್ನೇನು ಬೇಕು? ನಾಲ್ಕಾರು ಜನ ಹೌದೆಂದರು. ಮಗಳು ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಏನೋ ಗೆರೆ ಎಳೆಯುತ್ತಿದ್ದಳು. ಎಳೆದು ಮುಗಿಸಿ, ತಲೆ ಎತ್ತಿದಳು.

“ನನಗೆ...” ಎಂದಳು. ಗಲ್ಲ ಬಿಗಿಯಿತು.

ನಾನು ಕೈಚೀಲದ ಜಿಪ್ಪನ್ನು ಹಿಡಿದುಕೊಂಡೆ. ಮುಂದಿನ ಪದ ನನಗೆ ಗೊತ್ತಿತ್ತು. ‘ಅನುಮಾನ’. ಅದು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಹನ್ನೊಂದು ಮುಖಗಳನ್ನೂ ಒಂದೊಂದಾಗಿ ನೋಡಿದೆ. ಒಬ್ಬಳು ಕೆನ್ನೆಗೆ ಕೈಕೊಟ್ಟು ಕೂತಿದ್ದಳು. ಗಡ್ಡದ ಹುಡುಗ ನನ್ನ ಮಗಳನ್ನೇ ನೋಡುತ್ತಿದ್ದ, ಎದುರಾಳಿ ಚದುರಂಗದ ಕಾಯಿ ನಡೆಸುವುದನ್ನು ಕಾಯುವವನ ಹಾಗೆ. ಅಯ್ಯೋ ಪಾಪ ಎನ್ನುವ ಮುಖ ಒಂದೂ ಕಾಣಲಿಲ್ಲ. ಹುಡುಕಿದೆ, ಕಾಣಲಿಲ್ಲ.

“ನನಗೆ ನಂಬಿಕೆ ಇಲ್ಲ,” ಎಂದಳು ಮಗಳು.

ನನ್ನ ಊಹೆ ತಪ್ಪಿತ್ತು.

ಆಮೇಲೆ ಅವಳು ಹೇಳುತ್ತ ಹೋದಳು. ನಡುನಡುವೆ ನಿಂತಳು, ಒಂದು ಕಡೆ ಮೇಜನ್ನು ಬೆರಳಲ್ಲಿ ತಟ್ಟಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಐವರಲ್ಲಿ ಒಬ್ಬ ಅಂಗಳದಲ್ಲಿ ಕಲ್ಲಿದ್ದಲು ಇಳಿಸುತ್ತಿದ್ದವನು, ಇನ್ನೊಬ್ಬ ಬಾಯ್ಲರಿನ ಹಿಂಭಾಗದಲ್ಲಿದ್ದವನು. ಅವರಿಗೆ ಮುಳ್ಳು ಕಾಣುವುದಾದರೂ ಹೇಗೆ? ಐದು ಜಾಗದಲ್ಲಿ ನಿಂತ ಐದು ಜನ ಐದು ಬಗೆಯಲ್ಲಿ ಹೇಳಬೇಕಿತ್ತು. ಇಲ್ಲಿ ಪದವೂ ಒಂದೇ, ಪದದ ಸಾಲೂ ಒಂದೇ.

“ಇವ್ರು ಮಾತು ಶುರು ಮಾಡಿರ್ಬೇಕು. ಮುಗಿಸಿದ್ದು ಬೇರೆ ಯಾರೋ,” ಎಂದಳು.

ಅವಳು ನನ್ನ ಕಡೆ ನೋಡಲಿಲ್ಲ. ನನ್ನನ್ನು ಕುರಿತು ಹೇಳಿದ್ದೂ ಅಲ್ಲ, ಅವಳು ಪೂರ್ತಿ ಆ ಗಿರಣಿಯ ಒಳಗಿದ್ದಳು. ಆದರೂ ಸ್ಟೂಲಿನ ಮೇಲೆ ನನಗೆ ಕಿವಿ ಬಿಸಿಯಾಯಿತು.

ಶಹಭಾಸ್ ಎಂದು ಯಾರೂ ಅನ್ನಲಿಲ್ಲ. ಅಧ್ಯಾಪಕಿ “ಮುಂದೆ?” ಎಂದರು ಅಷ್ಟೆ. ಗಡ್ಡದ ಹುಡುಗ ಎರಗಿಬಿದ್ದ. ಹೇಳಿಕೆ ಬರೆದುಕೊಂಡವನು ಗುಮಾಸ್ತ, ಎಲ್ಲರ ಮಾತನ್ನೂ ತನ್ನ ಭಾಷೆಯಲ್ಲಿ ಬರೆದಿರಬಹುದು, ಅಷ್ಟಕ್ಕೇ ಸುಳ್ಳು ಎನ್ನುವುದು ಹೇಗೆ ಎಂದ. ಅವಳು ಬಿಡಲಿಲ್ಲ. ಭಾಷೆ ಗುಮಾಸ್ತನದಾಗಲಿ, ಬಾಯ್ಲರಿನ ಹಿಂದೆ ನಿಂತವನಿಗೆ ಕಣ್ಣನ್ನೂ ಗುಮಾಸ್ತನೇ ಕೊಟ್ಟನೇ ಎಂದಳು. ಮೇಜು ನಕ್ಕಿತು. ಹುಡುಗನೂ ನಕ್ಕ, ನಕ್ಕು ಇನ್ನೊಂದು ಆಕ್ಷೇಪ ತೆಗೆದ. ನನ್ನ ಮಗಳ ಜೊತೆ ಮನೆಯ ಹೊರಗೆ ಯಾರಾದರೂ ಜಗಳಕ್ಕೆ ನಿಂತದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಇಷ್ಟು ದಿನ ಜನ ಅವಳಿಗೆ ಬೇಗ ಬೇಗ ಸೋಲುತ್ತಿದ್ದರು, ಮಾತು ಮುಗಿದರೆ ಸಾಕೆಂದು.

ಬರುವಾಗ ಬಸ್ಸಿನಲ್ಲಿ ನಾನು ಏನೂ ಕೇಳಲಿಲ್ಲ. ಅರ್ಧ ದಾರಿಯಲ್ಲಿ ಅವಳೇ ಹೇಳಿದಳು, ಆ ಗಡ್ಡದವನ ಮೂರನೇ ಆಕ್ಷೇಪಕ್ಕೆ ಈಗ ಉತ್ತರ ಹೊಳೆಯಿತು ಎಂದು.

ಶುಕ್ರವಾರ ನಾಲ್ಕು ಗಂಟೆಗೆ ಅಣ್ಣ ಸಿಹಿ ಪೊಟ್ಟಣ ಹಿಡಿದುಕೊಂಡೇ ಬಂದ. ಮಗಳ ತೀರ್ಮಾನ ಕೇಳಿ ಪೊಟ್ಟಣವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತ. ಬುದ್ಧಿ ಹೇಳಿ ಅಂತ ಗಂಡನ ಕಡೆ ತಿರುಗಿದ. ಅವರು, “ಅವಳ ಕಣ್ಣು ಸರಿಯಾಗಿದೆ ಭಾವ, ನಾನು ಪರೀಕ್ಷೆ ಮಾಡಿದೀನಿ,” ಎಂದರು. ನನ್ನ ಕಡೆ ತಿರುಗಿದ. ನಾನು ಅವನ ಪಕ್ಷ ಎಂದು ಅವನಿಗೆ ನಂಬಿಕೆ.

“ನಾನು ನೋಡಿ ಬಂದೆ ಅಣ್ಣ,” ಎಂದೆ. “ಅವಳು ಹೋಗ್ಲಿ.”

ಇನ್ನು ಉಳಿದದ್ದು ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ಸೀಟು ಬಿಡುವುದು. ನನ್ನ ಕೈ ತಾನಾಗಿ ಫೋನಿನ ಕಡೆ ಹೋಯಿತು. ನಮ್ಮ ಮನೆಯ ಫೋನೆಲ್ಲ ನಾನೇ ಮಾಡುವುದು, ಅಂಗಡಿಯ ಲೆನ್ಸಿನಿಂದ ಹಿಡಿದು ಅವಳ ಗೆಳತಿಯರವರೆಗೆ. ಮಗಳು ಕೈ ಚಾಚಿದಳು. ನಾನು ಕೊಟ್ಟೆ. ಅವಳು ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ಆ ಕಡೆ ಗಂಡಸಿನ ದನಿ, ದಣಿದದ್ದು. ಹೆಸರು ಕೇಳಿತು. ಮಗಳಿಗೆ ಎಲ್ಲಕ್ಕಿಂತ ಕಷ್ಟದ ಪದ ಅದೇ. ಅವಳ ಗಲ್ಲ ಬಿಗಿಯಿತು.

ಹಲೋ, ಕೇಳಿಸುತ್ತಿದೆಯಾ ಎಂದಿತು ದನಿ. ಲೈನ್ ಸರಿಯಿಲ್ಲ ಎಂದಿತು. ಇನ್ನೇನು ಇಟ್ಟುಬಿಡುವ ಸದ್ದು. ಅಣ್ಣ ಅರ್ಧ ಎದ್ದ. ನಾನು ಅವನ ತೋಳು ಹಿಡಿದು ಕೂರಿಸಿದೆ.

“ಲೈನ್ ಸರಿಯಾಗಿದೆ,” ಎಂದಳು ಮಗಳು. “ನಾನು ಮಾತಾಡೋದೇ ನಿಧಾನ. ಕಾಯಿರಿ.”

ದನಿ ಕಾಯಿತು. ಅವಳು ತನ್ನ ಹೆಸರು ಹೇಳಿದಳು. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ, ಹೇಳಿದ್ದಂತೂ ಪೂರ್ತಿ. ಸೀಟು ಬೇಡ ಎಂದಳು. ಕಾರಣ ಏನೆಂದು ಬರೆಯಲಿ, ಆರೋಗ್ಯವೇ, ಹಾಸ್ಟೆಲ್ಲೇ ಎಂದು ದನಿ ಕೇಳಿತು.

“ನಿಮ್ಮಲ್ಲಿ ಮುನ್ನೂರು ಜನ ಕೂತು ಕೇಳ್ತಾರೆ. ನಾನು ಮಾತಾಡೋ ಕಡೆ ಹೋಗ್ತಿದೀನಿ.”

ಸ್ವಲ್ಪ ಹೊತ್ತು ಕೀಬೋರ್ಡಿನ ಟಕಟಕ. “ಅಷ್ಟು ಬರಿಯೋಕೆ ಜಾಗ ಇಲ್ಲಮ್ಮ ಇಲ್ಲಿ,” ಎಂದಿತು ದನಿ, ಈಗ ದಣಿವು ಕಡಿಮೆಯಾಗಿತ್ತು. “ಆದ್ರೂ ಹಿಡಿದಷ್ಟು ಬರಿತೀನಿ. ಒಳ್ಳೇದಾಗ್ಲಿ.”

ಫೋನ್ ಇಟ್ಟ ಮೇಲೆ ಅವಳ ಕುತ್ತಿಗೆ ಬೆವೆತಿತ್ತು, ಕಣ್ಣು ಹೊಳೆಯುತ್ತಿತ್ತು. ಗಂಡ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ನನ್ನ ಎರಡೂ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳ ತಲೆಯ ಮೇಲಿಟ್ಟೆ.

ಅಣ್ಣ ಪೊಟ್ಟಣದ ದಾರ ಬಿಚ್ಚಿ ಮೊದಲ ತುಂಡನ್ನು ಅವಳ ಬಾಯಿಗೇ ಹಾಕಿದ. ಆಮೇಲೆ ವರಾಂಡಕ್ಕೆ ಹೋಗಿ ಆಫೀಸಿಗೆ ಫೋನ್ ಹಚ್ಚಿದ. ಅವನದು ಮೂರು ಮನೆಗೆ ಕೇಳುವ ಗಂಟಲು.

“ಏ, ಎಲ್ರಿಗೂ ಹೇಳ್ಬಿಡು. ನನ್ನ ಸೊಸೆ ಆ ಯೂನಿವರ್ಸಿಟಿನೇ ಬೇಡ ಅಂದ್ಳು. ಹೂಂ ಕಣೋ, ಸರಿಯಾಗೇ ಕೇಳಿಸ್ಕೊಂಡೆ, ಬೇಡ ಅಂದ್ಳು. ಸೀಟು ಸಿಕ್ಕಿದೋರು ಮುನ್ನೂರು ಜನ ಇದಾರಯ್ಯ. ಬೇಡ ಅಂದೋಳು ಇವಳೊಬ್ಳೇ.”